ಮರಳಿನೊಳಗಿನ ಕಂಬಿದಾರಿ

ನಮ್ಮ ಮನೆಯ ದೇವರ ಗೂಡಿನಲ್ಲಿ, ಶಂಖದ ಹಿಂದುಗಡೆ, ಒಂದು ತಾಮ್ರದ ಕರಡಿಗೆ ಇದೆ. ಎತ್ತರ ಒಂದು ಗೇಣಿಗಿಂತ ಕಡಮೆ. ಮುಚ್ಚಳದ ಸುತ್ತಲೂ ಅರಗು ಹಾಕಿ ಮುದ್ರೆ ಒತ್ತಿದೆ. ಅದರೊಳಗೆ ಇರುವುದು ಚಿನ್ನವಲ್ಲ, ಬೆಳ್ಳಿಯಲ್ಲ, ಧನುಷ್ಕೋಟಿಯ ಮರಳು. ನಮ್ಮ ದೊಡ್ಡಮ್ಮನವರು 1962ರ ಮಾಘಮಾಸದಲ್ಲಿ ಸೇತುಸ್ನಾನಕ್ಕೆಂದು ಹೋದವರು ತಮ್ಮ ಕೈಯಿಂದಲೇ ತುಂಬಿ ತಂದದ್ದು.

ಕಾಶೀ ರಾಮೇಶ್ವರ ಯಾತ್ರೆಯ ಕ್ರಮವನ್ನು ಬಲ್ಲ ಹಿರಿಯರು ಈಗಲೂ ಹಲವು ಮನೆಗಳಲ್ಲಿ ಇದ್ದಾರೆ. ಕಿರಿಯ ವಾಚಕರಿಗಾಗಿ ಎರಡು ಮಾತು ಹೇಳುತ್ತೇವೆ. ಮೊದಲು ಸೇತುವಿನಲ್ಲಿ ಮಿಂದು ಅಲ್ಲಿಯ ಮರಳನ್ನು ಕಟ್ಟಿಕೊಳ್ಳಬೇಕು. ಅದನ್ನು ಉತ್ತರಕ್ಕೆ ಒಯ್ದು ಪ್ರಯಾಗದ ತ್ರಿವೇಣಿಯಲ್ಲಿ ಬಿಡಬೇಕು. ಅಲ್ಲಿಂದ ಗಂಗೆಯನ್ನು ತುಂಬಿಕೊಂಡು, ಕಾಶಿಯಲ್ಲಿ ವಿಶ್ವನಾಥನನ್ನು ಕಂಡು, ಮತ್ತೆ ದಕ್ಷಿಣಕ್ಕೆ ಬಂದು ಆ ನೀರಿನಿಂದ ರಾಮನಾಥನಿಗೆ ಅಭಿಷೇಕ ಮಾಡಿಸಿದರೆ ಯಾತ್ರೆ ಮುಗಿಯಿತು. ನಮ್ಮ ದೊಡ್ಡಮ್ಮನವರು ಇದರಲ್ಲಿ ಕಾಲುಭಾಗ ಮಾಡಿದರು. ಮರಳು ಮನೆಗೆ ಬಂದಿತು; ಕಾಶಿಗೆ ಹೋಗುವುದು ಆಗಲಿಲ್ಲ. ಮೊದಲು ಕೈಯಲ್ಲಿ ಹಣವಿರಲಿಲ್ಲ. ಆಮೇಲೆ ದೊಡ್ಡಪ್ಪನವರಿಗೆ ಮೈ ನೆಟ್ಟಗಿರಲಿಲ್ಲ. ಅನಂತರ ಹೆಣ್ಣುಮಕ್ಕಳ ಮದುವೆ, ಬಾಣಂತನ. ಮನೆವಾರ್ತೆಯಲ್ಲಿ ಮುಳುಗಿದವರಿಗೆ ಕಾರಣಗಳನ್ನು ಹೇಳಿಕೊಡಬೇಕಾದುದಿಲ್ಲ.

ಆದರೆ ಆ ಒಂದು ಪ್ರಯಾಣವನ್ನು ಅವರು ಜನ್ಮವೆಲ್ಲ ಹೇಳಿದರು. ರಾಮೇಶ್ವರದಿಂದ ಹಿಂದಕ್ಕೆ ಪಾಂಬನ್ನಿಗೆ ಬಂದು ಅಲ್ಲಿ ಬಂಡಿ ಬದಲಿಸಿದ್ದು. ಎರಡು ಕಡೆಯೂ ಕಡಲು ಕಾಣುವ ಕಿರಿದಾದ ನೆಲದ ಮೇಲೆ ರೈಲು ಓಡಿದ್ದು. ಕಿಟಕಿಯಿಂದ ಮರಳು ಹಾರಿಬಂದು ಬುತ್ತಿಯ ಅನ್ನದಲ್ಲಿ ಸೇರಿದ್ದು. ಬುತ್ತಿಯ ಮಾತು ಬಂದಾಗಲೆಲ್ಲ ನಗುತ್ತಿದ್ದರು. 1964ರ ಡಿಸೆಂಬರಿನಲ್ಲಿ ಆ ಊರನ್ನೂ ಆ ರೈಲನ್ನೂ ಕಡಲು ನುಂಗಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿವಸ ಅಕ್ಕಸಾಲಿಯನ್ನು ಕರೆಯಿಸಿ ಕರಡಿಗೆಗೆ ಅರಗು ಹಾಕಿಸಿದರಂತೆ. ಅಲ್ಲಿಂದ ಮುಂದೆ ಅದನ್ನು ಯಾರೂ ತೆರೆದಿಲ್ಲ.

ಅವರು ಹೋಗಿ ಎಷ್ಟೋ ವರ್ಷಗಳಾದವು. ಕರಡಿಗೆ ನಮ್ಮ ಪಾಲಿಗೆ ಬಂದಿತು. ಅದನ್ನು ಏನು ಮಾಡುವುದೆಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಏಕಮತವಿಲ್ಲ. ಹೇಗೂ ಕಾಶಿಗೆ ಹೋಗುವವರಿಲ್ಲ, ಎಲ್ಲಿಂದ ಬಂದಿತೋ ಅಲ್ಲಿಗೇ ಮುಟ್ಟಿಸಿಬಿಡುವುದು ಮೇಲು ಎಂದು ಒಂದು ಪಕ್ಷ. ಸಂಕಲ್ಪ ಮಾಡಿ ತಂದದ್ದನ್ನು ಹಿಂದಕ್ಕೆ ಒಯ್ಯುವುದುಂಟೆ ಎಂದು ಇನ್ನೊಂದು. ಕಳೆದ ಮಾಘದಲ್ಲಿ ನಾವು ಅದನ್ನು ಚೀಲದಲ್ಲಿಟ್ಟುಕೊಂಡು ಹೊರಟೆವು. ಏನು ಮಾಡುವುದೆಂಬುದನ್ನು ಅಲ್ಲಿಯೇ ತೀರ್ಮಾನಿಸಿದರಾಯಿತೆಂದು. ಜತೆಗೆ ನಮ್ಮ ಸೋದರಳಿಯ, ಇಂಜಿನಿಯರಿಂಗ್ ಓದುವ ಹುಡುಗ. ಮೋಟಾರಿನಲ್ಲಿ ಹೋದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಹಳೆಯ ಹಳಿಯ ಜಾಡನ್ನು ಹುಡುಕಬೇಕಾದರೆ ಸೈಕಲ್ಲೇ ಸರಿ ಎಂದವನು ಅವನು. ಈ ವಯಸ್ಸಿನಲ್ಲಿ ಸೈಕಲ್ಲೇ ಎಂದು ಮನೆಯವರು ನಕ್ಕರು. ನಗಲಿ.

ಈ ಕಂಬಿದಾರಿ ಹುಟ್ಟಿದ್ದು ಯಾತ್ರಿಕರಿಗಾಗಿ ಅಲ್ಲ, ಸಿಂಹಳಕ್ಕೆ ಹೋಗುವವರಿಗಾಗಿ. ಅದಕ್ಕೆ ಮುಂಚೆ ಮದರಾಸಿನಿಂದ ಕೊಲಂಬೋವಿಗೆ ಹೋಗುವವರು ತೂತುಕುಡಿಯವರೆಗೆ ರೈಲಿನಲ್ಲಿ ಹೋಗಿ ಅಲ್ಲಿ ಹಡಗು ಹತ್ತಬೇಕಾಗಿತ್ತು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು: ಎರಡು ಕಿಲೋಮೀಟರಿಗೆ ತುಸು ಮಿಕ್ಕ ಉದ್ದ, ನಡುವೆ ಹಡಗುಗಳಿಗಾಗಿ ಎರಡು ರೆಕ್ಕೆಗಳಂತೆ ಮೇಲಕ್ಕೇಳುವ ಒಂದು ಭಾಗ, ಆ ರೆಕ್ಕೆಗಳನ್ನು ಆಳುಗಳು ಕೈಬಲದಿಂದಲೇ ತಿರುವಿ ಎತ್ತುತ್ತಿದ್ದರು. ಸೇತುವೆಯಾದ ಮೇಲೆ ರೈಲು ನೇರವಾಗಿ ದ್ವೀಪವನ್ನು ದಾಟಿ ಅದರ ಆಗ್ನೇಯದ ತುದಿಯಾದ ಧನುಷ್ಕೋಟಿಯನ್ನು ಮುಟ್ಟಿತು. ಅಲ್ಲಿಂದ ತಲೈಮನ್ನಾರಿಗೆ ಕಡಲದಾರಿ ಸುಮಾರು 35 ಕಿಲೋಮೀಟರು, ಉಗಿಹಡಗು, ಆಚೆಯ ದಡದಲ್ಲಿ ಮತ್ತೆ ರೈಲು. ಇದಕ್ಕೆ ಬೋಟ್ ಮೇಲ್ ಎಂದು ಹೆಸರಾಯಿತು. ಈಗ ಕೇಳುವವರಿಗೆ ಸೋಜಿಗವಾಗಬಹುದು: ಆ ಕಾಲದಲ್ಲಿ ಮುಖ್ಯ ಮಾರ್ಗವೆಂದರೆ ಪಾಂಬನ್ ಧನುಷ್ಕೋಟಿಯದೇ; ರಾಮೇಶ್ವರಕ್ಕೆ ಪಾಂಬನ್ನಿನಿಂದ ಒಡೆದು ಹೋಗುತ್ತಿದ್ದುದು ಕೇವಲ ಒಂದು ಕವಲು. ದೊಡ್ಡಮ್ಮನವರು ಬಂಡಿ ಬದಲಿಸಿದ್ದು ಅದಕ್ಕಾಗಿಯೇ. ಈಗ ಕವಲೇ ಮುಖ್ಯವಾಗಿದೆ, ಮುಖ್ಯವಾದದ್ದು ಮರಳಾಗಿದೆ.

ರಾಮೇಶ್ವರದಲ್ಲಿ ಎರಡು ಸೈಕಲ್ಲುಗಳನ್ನು ಬಾಡಿಗೆಗೆ ಹಿಡಿದು ಇನ್ನೂ ನಕ್ಷತ್ರಗಳಿರುವಾಗಲೇ ಹೊರಟೆವು. ನಮ್ಮದಕ್ಕೆ ಬ್ರೇಕು ಒಂದೇ ಇತ್ತು; ದಾರಿ ಪೂರ್ತಿ ಸಮತಟ್ಟಾದುದರಿಂದ ಅದರಿಂದ ತೊಂದರೆಯಾಗಲಿಲ್ಲ. ಊರಿನಿಂದ ಹಳೆಯ ಧನುಷ್ಕೋಟಿಗೆ 18 ಕಿಲೋಮೀಟರಿನಷ್ಟು ದೂರ. ಮೊದಲ ಭಾಗದಲ್ಲಿ ತಾಳೆಮರಗಳು, ಗಾಳಿಮರದ ತೋಪುಗಳು, ಮತ್ತು ನಮ್ಮ ನಾಡಿನವರು ಬಳ್ಳಾರಿ ಜಾಲಿ ಎಂದು ಕರೆಯುವ ಆ ಹಟಮಾರಿ ಮುಳ್ಳುಗಿಡ. ಅದನ್ನು ಇಲ್ಲಿ ಕಂಡು ನೆಂಟರನ್ನು ಕಂಡಷ್ಟು ಹಿತವಾಯಿತೆಂದರೆ ವಾಚಕರು ನಗಬಹುದು. ರೈಲಿನ ಹಳೆಯ ದಿಬ್ಬವನ್ನು ಬಹುತೇಕ ಅದೇ ಮುಚ್ಚಿಕೊಂಡಿದೆ.

ಜಾಡು ಹುಡುಕುವ ಬಗೆಯನ್ನು ಹುಡುಗ ನಮಗೆ ಕಲಿಸಿಕೊಟ್ಟನು. ಕಂಬಿಗಾಗಿ ನೋಡಬೇಡಿ, ಕಲ್ಲಿಗಾಗಿ ನೋಡಿ ಎಂದನು. ಈ ನೆಲದಲ್ಲಿ ಹುಟ್ಟಿದ ಕಲ್ಲೆಂದರೆ ಹವಳದ ಕಲ್ಲು. ಬೆಳ್ಳಗೆ, ಜೇನುಹುಟ್ಟಿನಂತೆ ತೂತು ತೂತಾಗಿ, ಕೈಗೆ ಹಗುರವಾಗಿ ಇರುತ್ತದೆ. ರೈಲುದಾರಿಗೆ ಹಾಸುವ ಜಲ್ಲಿಯಾದರೋ ಗಟ್ಟಿಯಾದ, ಮೂಲೆಮೂಲೆಯಾಗಿ ಒಡೆದ ಕಪ್ಪು ಕಲ್ಲು. ಅದು ಇಲ್ಲಿಗೆ ತಾನಾಗಿ ಬರಲಾರದು, ಬಂಡಿಗಳಲ್ಲಿ ತರಿಸಿದ್ದೇ ಆಗಬೇಕು. ಆದುದರಿಂದ ಬಿಳಿಯ ಮರಳಿನಲ್ಲಿ ಕಪ್ಪು ಜಲ್ಲಿ ಕಂಡರೆ ರೈಲು ಅಲ್ಲಿ ಹಾದುಹೋಗಿತ್ತೆಂದು ತಿಳಿಯಬಹುದು. ಈ ಮಾತು ನಿಜವಾಯಿತು. ರಸ್ತೆಯನ್ನು ಬಿಟ್ಟು ಸೈಕಲ್ಲನ್ನು ತಳ್ಳುತ್ತ ಮುಳ್ಳುಗಳ ನಡುವೆ ಹೋದಾಗಲೆಲ್ಲ ಒಂದು ಮಾರು ಅಗಲಕ್ಕೆ ಆ ಜಲ್ಲಿ ಚೆಲ್ಲಿದ್ದುದು ಕಾಣುತ್ತಿತ್ತು. ಮತ್ತೆ ಮರಳಿನಲ್ಲಿ ಮುಳುಗುತ್ತಿತ್ತು. ಇನ್ನೂರು ಹೆಜ್ಜೆಯ ಆಚೆ ಪುನಃ ಏಳುತ್ತಿತ್ತು. ಮುಳ್ಳು ಚುಚ್ಚಿ ಹುಡುಗನ ಸೈಕಲ್ಲಿನ ಟ್ಯೂಬು ಎರಡು ಸಲ ಗಾಳಿ ಬಿಟ್ಟಿತು. ತೇಪೆ ಹಾಕುವ ಸಾಮಾನನ್ನು ತರದೆ ಹೋಗಿದ್ದರೆ ಈ ಲೇಖನದ ಬಹುಭಾಗವನ್ನು ನಡೆದೇ ಬರೆಯಬೇಕಾಗುತ್ತಿತ್ತು.

ಈ ದಾರಿಯ ಮಗ್ಗುಲಲ್ಲೇ ರಾಮೇಶ್ವರಂ ರೋಡ್ ಎಂಬೊಂದು ಸ್ಥಳದ ಹೆಸರು ನಮ್ಮ ದೇಶದ ಚರಿತ್ರೆಯಲ್ಲಿ ಒಂದು ಸಣ್ಣ ಮೂಲೆಯನ್ನು ಪಡೆದಿದೆ. ಎರಡನೆಯ ಮಹಾಯುದ್ಧ ಬಂದಾಗ ರೈಲು ರಾಮೇಶ್ವರದಲ್ಲಿ ನಿಲ್ಲುವುದು ತಪ್ಪಿತು. ಪತ್ರಿಕೆಗಳ ಕಟ್ಟನ್ನು ಇಲ್ಲಿ ಓಡುವ ಬಂಡಿಯಿಂದಲೇ ಹೊರಕ್ಕೆ ಎಸೆಯಬೇಕಾಯಿತು. ಬಿದ್ದ ಕಟ್ಟನ್ನು ಆರಿಸಿಕೊಳ್ಳಲು ಪತ್ರಿಕೆ ಹಂಚುವವನಿಗೆ ಒಬ್ಬ ಸಹಾಯಕ ಬೇಕಾದನು. ಆ ಕೆಲಸ ದೊರೆತದ್ದು ಅವನ ಬಂಧುವಾದ ಒಬ್ಬ ಬಾಲಕನಿಗೆ. ಬಾಲಕನು ಮುಂದೆ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ. ತಾವು ದುಡಿದ ಮೊದಲ ಸಂಬಳದ ಹೆಮ್ಮೆಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ತಂದೆಯವರು ರಾಮೇಶ್ವರದಿಂದ ಧನುಷ್ಕೋಟಿಗೆ ಯಾತ್ರಿಕರನ್ನು ಮರದ ದೋಣಿಯಲ್ಲಿ ಸಾಗಿಸುತ್ತಿದ್ದರು. ಅಂದರೆ, ನೋಡಿ, ಸೇತುವಿನ ಮರಳಿಗೆಂದು ಬರುತ್ತಿದ್ದ ನಮ್ಮ ಕಡೆಯ ಮುದುಕ ಮುದುಕಿಯರಲ್ಲಿ ಎಷ್ಟೋ ಮಂದಿ ಆ ದೋಣಿಯಲ್ಲಿ ಕುಳಿತಿದ್ದಿರಬಹುದು.

ಬೆಳಕು ಹರಿಯುವ ಹೊತ್ತಿಗೆ ಮರಗಳು ಮುಗಿದವು. ಅಲ್ಲಿಂದ ಮುಂದೆ ನೆಲ ಸಪುರವಾಗುತ್ತ ಹೋಗುತ್ತದೆ. ಎಡಕ್ಕೂ ಕಡಲು, ಬಲಕ್ಕೂ ಕಡಲು. ಎಡಗಡೆಯದನ್ನು ಅಲ್ಲಿಯ ಬೆಸ್ತರು ಹೆಣ್ಣುಕಡಲೆಂದೂ ಬಲಗಡೆಯದನ್ನು ಗಂಡುಕಡಲೆಂದೂ ಕರೆಯುತ್ತಾರೆ. ಎಡಗಡೆಯದು ಆಳವಿಲ್ಲದ್ದು, ಕೆರೆಯಂತೆ ತಣ್ಣಗೆ ಮಲಗಿತ್ತು, ಬಲಗಡೆಯದು ಗರ್ಜಿಸುತ್ತಿತ್ತು. ಈ ಹೆಸರುಗಳಲ್ಲಿ ಸುಮ್ಮನಿರುವವಳಿಂದ ಭಯವಿಲ್ಲವೆಂಬ ಅರ್ಥ ಅಡಗಿದ್ದರೆ ಅದು ತಪ್ಪು. 1964ರಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ. ಮುಕುಂದರಾಯ ಛತ್ರದಿಂದ ತುದಿಯವರೆಗಿನ ಡಾಂಬರು ರಸ್ತೆ ತೆರೆದದ್ದು 2017ರಲ್ಲಿ. ಅದಕ್ಕೆ ಮುಂಚೆ ಅರ್ಧ ಶತಮಾನ ಕಾಲ ಅಲ್ಲಿಗೆ ಹೋಗಬೇಕಾದರೆ ಮರಳಿನಲ್ಲಿ ನಡೆಯಬೇಕು, ಇಲ್ಲವೆ ನೀರನ್ನೂ ಕೆಸರನ್ನೂ ಹಾಯ್ದುಹೋಗುವ ಗಾಡಿಗಳಲ್ಲಿ ಕುಲುಕಬೇಕು. ಈಗ ಸೈಕಲ್ ಸವಾರನಿಗೆ ಗಾಳಿಯೊಂದೇ ಕಷ್ಟ. ಮಾಘದಲ್ಲಿ ಅದು ಈಶಾನ್ಯದಿಂದ ಬೀಸುತ್ತದೆ. ಆಗ್ನೇಯಕ್ಕೆ ಹೋಗುವವನ ಎಡಕಿವಿಗೆ ಸರಿಯಾಗಿ ಬಡಿಯುತ್ತದೆ. ಮರಳು ರಸ್ತೆಯ ಮೇಲೆ ಹೊಗೆಯಂತೆ ಹರಿದಾಡುತ್ತಿತ್ತು. ಹಲ್ಲಿನ ನಡುವೆ ಅದು ಕರಕರವೆಂದಾಗ ನಮಗೆ ದೊಡ್ಡಮ್ಮನವರ ಬುತ್ತಿಯ ನೆನಪಾಯಿತು.

ಧನುಷ್ಕೋಟಿ ಸ್ಟೇಷನ್ನಿನಿಂದ ಉಳಿದಿರುವುದು ಕೆಲವು ಗೋಡೆಗಳು. ಹವಳದ ಕಲ್ಲು ಮತ್ತು ಸುಣ್ಣದಿಂದ ಕಟ್ಟಿದವು. ಕಮಾನುಗಳ ಅರ್ಧ ನಿಂತಿದೆ, ಅರ್ಧ ಬಿದ್ದಿದೆ. ಗಾಳಿಯೂ ಉಪ್ಪೂ ಸೇರಿ ಕಲ್ಲನ್ನು ನೆಕ್ಕಿ ನೆಕ್ಕಿ ಸವೆಯಿಸಿವೆ. ಸ್ವಲ್ಪ ದೂರದಲ್ಲಿ ಇಂಜಿನ್ನುಗಳಿಗೆ ನೀರು ತುಂಬುತ್ತಿದ್ದ ತೊಟ್ಟಿಯ ಅವಶೇಷ. ಅದರಾಚೆ ಮಾಡಿಲ್ಲದ ಇಗರ್ಜಿ, ಅದರ ಬಲಿಪೀಠದ ಕಟ್ಟೆ ಮಾತ್ರ ಇನ್ನೂ ನೆಟ್ಟಗೆ ನಿಂತಿದೆ. ಅಂಚೆಯ ಮನೆ, ಸುಂಕದ ಮನೆ, ಆಸ್ಪತ್ರೆ, ಶಾಲೆ, ಛತ್ರ ಎಲ್ಲವೂ ಇದ್ದ ಊರು. ಈಗ ಆ ಗೋಡೆಗಳ ನೆರಳಿನಲ್ಲಿ ಕಪ್ಪೆಚಿಪ್ಪಿನ ಸರಗಳನ್ನೂ ಹುರಿದ ಮೀನನ್ನೂ ಮಾರುವ ಅಂಗಡಿಗಳಿವೆ, ಫೋಟೋ ತೆಗೆಯುವವರ ಸಂತೆ ಇದೆ. ನಮಗೆ ಮೊದಲು ಸಿಟ್ಟು ಬಂದಿತು; ಸ್ವಲ್ಪ ಹೊತ್ತಿನ ಮೇಲೆ, ರೈಲುಸ್ಟೇಷನ್ನೆಂದರೆ ಎಂದಿಗೂ ಸಂತೆಯೇ ಅಲ್ಲವೆ ಎಂದುಕೊಂಡು ಸುಮ್ಮನಾದೆವು.

ಸ್ಟೇಷನ್ನಿನ ಹಿಂದೆ ಒಂದು ತಗ್ಗಿನಲ್ಲಿ ಹುಡುಗ ನಮ್ಮನ್ನು ಕೂಗಿ ಕರೆದನು. ಗಾಳಿ ಮರಳನ್ನು ಗುಡಿಸಿದ್ದ ಕಡೆ ಎರಡು ಕಂಬಿಗಳು ನಾಲ್ಕಾರು ಅಡಿಯಷ್ಟು ಮೇಲೆದ್ದು ತೋರುತ್ತಿದ್ದವು. ತುಕ್ಕು ಹಿಡಿದು ಪದರು ಪದರಾಗಿ, ಮುಟ್ಟಿದರೆ ಹಳೆಯ ಹೋಳಿಗೆಯಂತೆ ಉದುರುತ್ತಿದ್ದವು. ಹುಡುಗ ತನ್ನ ಸೈಕಲ್ಲನ್ನು ಎತ್ತಿ ಅಡ್ಡಲಾಗಿ ಅವುಗಳ ಮೇಲಿಟ್ಟನು. ಮುಂದಿನ ಚಕ್ರ ಒಂದು ಕಂಬಿಯ ಮೇಲೆ ನಿಂತಿತು. ಹಿಂದಿನದು ಇನ್ನೊಂದನ್ನು ತುಸುವೇ ದಾಟಿತು. ಒಂದು ಮೀಟರಿನ ಹಳಿಯೆಂಬುದನ್ನು ನಾವು ಪುಸ್ತಕದಲ್ಲಿ ಓದಿದ್ದೆವು. ಅದು ಇಷ್ಟು ಕಿರಿದೆಂದು ಅದುವರೆಗೆ ಮನಸ್ಸಿಗೆ ಬಂದಿರಲಿಲ್ಲ. ಎರಡು ಕಡಲುಗಳ ನಡುವೆ, ಒಂದು ಸೈಕಲ್ಲಿನಷ್ಟು ಅಗಲದ ಆಧಾರದ ಮೇಲೆ, ಅಷ್ಟು ಜನ ರಾತ್ರಿಯಲ್ಲಿ ಪ್ರಯಾಣ ಮಾಡಿದರು.

ಆ ರಾತ್ರಿ 1964ರ ಡಿಸೆಂಬರ್ 22ರದು. ಅಂಡಮಾನಿನ ದಕ್ಷಿಣಕ್ಕೆ ಹುಟ್ಟಿದ ಚಂಡಮಾರುತ ಸಿಂಹಳದ ಉತ್ತರಭಾಗವನ್ನು ತುಳಿದು ಪಾಕ್ ಜಲಸಂಧಿಗೆ ಬಂದಿತ್ತು. ಪಾಂಬನ್ನಿನಿಂದ 653ನೆಯ ನಂಬರಿನ ಪ್ಯಾಸೆಂಜರು 11 ಗಂಟೆ 55 ನಿಮಿಷಕ್ಕೆ ಹೊರಟಿತು. ಅದರಲ್ಲಿ 110 ಜನ ಪ್ರಯಾಣಿಕರೂ ರೈಲ್ವೆಯ 5 ಜನ ಸಿಬ್ಬಂದಿಯೂ ಇದ್ದರೆಂದು ಲೆಕ್ಕ. ಟಿಕೀಟಿಲ್ಲದವರನ್ನು ಯಾರು ಎಣಿಸಿದ್ದರು? ಧನುಷ್ಕೋಟಿ ಇನ್ನೇನು ಬಂದಿತೆನ್ನುವಾಗ ಸಿಗ್ನಲ್ ಕಾಣಲಿಲ್ಲ. ಕತ್ತಲು, ಮಳೆ, ಗಾಳಿ. ಡ್ರೈವರು ಸ್ವಲ್ಪ ಕಾಯ್ದು, ಉದ್ದವಾಗಿ ಸಿಳ್ಳು ಹಾಕಿ, ಬಂಡಿಯನ್ನು ಮುಂದಕ್ಕೆ ನಡೆಸಿದನೆಂದು ಹೇಳುತ್ತಾರೆ. ಅಷ್ಟರಲ್ಲಿ ಅಲೆ ಬಂದಿತು. ಒಬ್ಬರೂ ಉಳಿಯಲಿಲ್ಲ. ಆ ಚಂಡಮಾರುತದಲ್ಲಿ ಎರಡೂ ದೇಶಗಳಲ್ಲಿ ಸೇರಿ ಸತ್ತವರು ಸುಮಾರು 1800 ಮಂದಿಯೆಂದು ಎಣಿಕೆಯಾಯಿತು.

ಮೇಲೆ ಹೆಣ್ಣುಕಡಲಿನ ಮಾತನ್ನೆತ್ತಿದ್ದೆವು. ಗಾಳಿ ಆಳವಾದ ಕಡಲನ್ನು ನೂಕಿದಾಗ ನೀರಿಗೆ ಕೆಳಗಿನಿಂದ ಹಿಂದಕ್ಕೆ ಹರಿಯಲು ಎಡೆಯಿರುತ್ತದೆ. ಆಳವಿಲ್ಲದ ಕಡಲಿನಲ್ಲಿ ಆ ಎಡೆಯಿಲ್ಲ, ಬಂದ ನೀರೆಲ್ಲ ದಡದ ಮೇಲೆ ರಾಶಿಯಾಗುತ್ತದೆ. ಪಾಕ್ ಕೊಲ್ಲಿ ಅಂಥದು. ಪ್ರತಿದಿನವೂ ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುವ ಆ ತಣ್ಣನೆಯ ಕಡಲೇ ಅಂಥ ರಾತ್ರಿಯಲ್ಲಿ ಹೆಚ್ಚು ಎತ್ತರಕ್ಕೆ ಏಳಬಲ್ಲದು. ಆಚೀಚೆ ಓಡಿಹೋಗಲು ಅಲ್ಲಿ ಗುಡ್ಡವಿಲ್ಲ, ಒಳನಾಡಿಲ್ಲ. ದಾರಿಯಲ್ಲಿ ಕೊಂಚ ಒಳಗೆ ಸರಿದು ನಿಂತಿರುವ ಕೋದಂಡರಾಮನ ಗುಡಿಯೊಂದು ಮಾತ್ರ ಆ ದಿನ ಬಿದ್ದುಹೋಗದೆ ಉಳಿಯಿತು. ವಿಭೀಷಣನು ಶರಣುಬಂದ ಸ್ಥಳವೆಂದು ಅದನ್ನು ತೋರಿಸುತ್ತಾರೆ.

ನಮ್ಮನ್ನು ಬಹಳ ಯೋಚನೆಗೆ ಈಡುಮಾಡಿದ ಸಂಗತಿ ಇನ್ನೊಂದಿದೆ. ಅದೇ ರಾತ್ರಿ ಪಾಂಬನ್ ಸೇತುವೆಯ ಉಕ್ಕಿನ ತೊಲೆಗಳಲ್ಲಿ ಬಹುಪಾಲು ಕಡಲಿಗೆ ಬಿದ್ದುವು. ಅದನ್ನು ಸರಿಪಡಿಸಲು ಮೊದಲು ಆರು ತಿಂಗಳ ಗಡುವು ಗೊತ್ತಾಯಿತು, ಆಮೇಲೆ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸದ ಹೊಣೆ ಹೊತ್ತ ತರುಣ ಇಂಜಿನಿಯರಾದ ಇ. ಶ್ರೀಧರನ್ನರು 46 ದಿನಗಳಲ್ಲಿ ಮುಗಿಸಿದರು. ಬಿದ್ದ ತೊಲೆಗಳನ್ನು ಕಡಲ ತಳದಲ್ಲೇ ಹುಡುಕಿಸಿ ಮೇಲೆತ್ತಿಸಿ ಮತ್ತೆ ಕೂಡಿಸಿದರು. ಕೊಂಕಣ ರೈಲನ್ನು ಕಂಡ ಕರಾವಳಿಯ ವಾಚಕರಿಗೆ ಅವರ ಹೆಸರನ್ನು ಪರಿಚಯ ಮಾಡಿಸಬೇಕಾಗಿಲ್ಲ. ಆ ಸೇತುವೆಯ ಮೇಲೆ 2022ರ ಡಿಸೆಂಬರಿನವರೆಗೆ ರೈಲುಗಳು ಓಡಿದುವು. 2025ರ ಏಪ್ರಿಲ್ 6ರಂದು ಅದರ ಪಕ್ಕದಲ್ಲೇ ಹೊಸದು ತೆರೆಯಿತು. ಸೇತುವೆಗೆ 46 ದಿನ ಸಾಕಾದವು. ಅದರಾಚೆಯ ಈ ಹಳಿಗೆ ಅರುವತ್ತು ವರ್ಷಗಳು ಸಾಲದೆ ಹೋದುವು.

ಅನ್ಯಾಯವೆಂದು ನಾವು ಕೂಗಬೇಕೆಂದಿದ್ದೆವು. ಆದರೆ ತುದಿಯವರೆಗೆ ಸೈಕಲ್ ತುಳಿದು ನೋಡಿದ ಮೇಲೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಸೇತುವೆಗೆ ಕಲ್ಲಿನ ಬುಡವಿತ್ತು, ಬುಡ ಉಳಿದಿತ್ತು. ಈ ಹಳಿಗೆ ಬುಡವೆಂದರೆ ಮರಳು. ಆ ಮರಳೇ ಕದಲಿಹೋಗಿತ್ತು. ಮದರಾಸು ಸರ್ಕಾರದವರು ಊರನ್ನು ವಾಸಕ್ಕೆ ತಕ್ಕುದಲ್ಲವೆಂದು ಸಾರಿದರು. ಹಡಗುಗಳನ್ನು ರಾಮೇಶ್ವರದಿಂದಲೇ ತಲೈಮನ್ನಾರಿಗೆ ಕಳುಹಿಸತೊಡಗಿದರು. 1980ರ ದಶಕದಲ್ಲಿ ಸಿಂಹಳದ ಅಂತರ್ಯುದ್ಧದಿಂದ ಅದೂ ನಿಂತಿತು. ರೈಲಿಗೆ ಹಡಗಿಲ್ಲ, ಹಡಗಿಗೆ ರೈಲಿಲ್ಲ, ಎರಡಕ್ಕೂ ಊರಿಲ್ಲ. 2019ರ ಮಾರ್ಚ್ 1ರಂದು ಈ ಮಾರ್ಗವನ್ನು ಮತ್ತೆ ಹಾಕುವುದಕ್ಕೆ ಅಸ್ತಿವಾರದ ಕಲ್ಲು ಇಡಲಾಯಿತು. ನಾವು ಹೋದಾಗ ಹೊಸ ಹಳಿಯ ಸುಳಿವೇನೂ ಕಾಣಲಿಲ್ಲ. ಯಾತ್ರಿಕರಿಗೆ ಅನುಕೂಲವಾದೀತು, ನಿಜ. ಆದರೆ ಆ ದಡದ ಮೇಲೆ ನಿಂತು ಎರಡು ಕಡಲುಗಳನ್ನೂ ಒಂದೇ ನೋಟದಲ್ಲಿ ಕಂಡವರು ಕಲ್ಲಿಟ್ಟವರಿಗಿಂತ ಸ್ವಲ್ಪ ಹೆಚ್ಚು ಹಿಂಜರಿಯುತ್ತಾರೆ.

ಊರಿಲ್ಲ ಎಂದೆವು, ಜನರಿಲ್ಲವೆಂದಲ್ಲ. ಬೆಸ್ತರ ಕುಟುಂಬಗಳು ಗರಿಯ ಗುಡಿಸಲುಗಳಲ್ಲಿ ಅಲ್ಲಿಯೇ ಬಾಳುತ್ತಿವೆ. ವಾಸಕ್ಕೆ ತಕ್ಕುದಲ್ಲವೆಂಬ ಸಾರಿಕೆ ಅವರ ಒಲೆಗಳನ್ನು ಆರಿಸಿಲ್ಲ. ಮಕ್ಕಳಿಗೆ ಸರ್ಕಾರದ ಒಂದು ಶಾಲೆಯೂ ಇದೆ. ಕುಡಿಯುವ ನೀರು ಹೇಗೆಂದು ಗೃಹಿಣಿಯರು ಕೇಳಬಹುದು. ಅದನ್ನು ನಾವೂ ಕೇಳಿದೆವು. ಅಂಗಡಿಯ ಮುದುಕಿಯೊಬ್ಬಳು ನಮ್ಮನ್ನು ಗುಡಿಸಲಿನ ಹಿಂದಕ್ಕೆ ಕರೆದುಕೊಂಡು ಹೋಗಿ ಮರಳಿನಲ್ಲಿ ತೋಡಿದ ಒಂದು ಗುಣಿಯನ್ನು ತೋರಿಸಿದಳು. ಕಡಲಿಗೂ ಅದಕ್ಕೂ ನೂರು ಹೆಜ್ಜೆಯ ಅಂತರವಿಲ್ಲ. ಗುಣಿಯ ತಳದಲ್ಲಿ ಅಂಗೈಯಷ್ಟು ನೀರು ಒಸರಿ ನಿಂತಿತ್ತು. ಚಿಪ್ಪಿನಿಂದ ಮೆಲ್ಲಗೆ, ಕದಡದಂತೆ, ಕೊಡಕ್ಕೆ ತುಂಬಿದಳು. ಬಾಯಿಗೆ ಹಾಕಿದೆವು, ಸಿಹಿಯಾಗಿತ್ತು. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತದೆಂದು ಹುಡುಗ ವಿವರಿಸಿದನು. ಆಳವಾಗಿ ತೋಡಿದರೆ ಉಪ್ಪು, ಮೇಲುಮೇಲೆ ತೋಡಿದರೆ ಸಿಹಿ. ಮುದುಕಿಗೆ ಈ ವಿವರಣೆಯ ಅಗತ್ಯವಿರಲಿಲ್ಲ. ಎಷ್ಟು ತೋಡಬೇಕೆಂಬುದು ಅವಳ ಕೈಗೆ ಗೊತ್ತಿತ್ತು.

ನಮ್ಮ ಅರೆಬರೆ ತಮಿಳಿನಲ್ಲಿ ಕರಡಿಗೆಯ ಕಥೆಯನ್ನು ಅವಳಿಗೆ ಹೇಳಿದೆವು. ಅರಗಿನ ಮುದ್ರೆಯನ್ನು ಬೆರಳಿನಿಂದ ಸವರಿ ನೋಡಿದಳು. ಯಾವ ವರ್ಷದ್ದೆಂದು ಕೇಳಿದಳು. ಹೇಳಿದೆವು. ಪುಯಲಿಗೆ ಮುಂಚಿನದು ಎಂದಳು. ಚಂಡಮಾರುತವನ್ನು ಅವರು ಕರೆಯುವುದು ಹಾಗೆ, ಅವರ ಕಾಲಗಣನೆಯೇ ಹಾಗೆ, ಪುಯಲಿಗೆ ಮುಂಚೆ ಮತ್ತು ಪುಯಲಿನ ಆಮೇಲೆ. ತನ್ನ ತಂದೆ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದನೆಂದೂ ತಾನು ಆಗ ಸಣ್ಣ ಮಗುವೆಂದೂ ಹೇಳಿದಳು. ಇನ್ನು ಹೆಚ್ಚು ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಇದನ್ನು ಇಲ್ಲಿಯೇ ಚೆಲ್ಲಿಬಿಡೋಣವೆಂದು ತಂದಿದ್ದೇವೆ ಎಂದಾಗ ಮಾತ್ರ ಅವಳು ಕರಡಿಗೆಯನ್ನು ಸರಕ್ಕನೆ ನಮ್ಮ ಕೈಗೆ ಹಿಂದಕ್ಕೆ ಕೊಟ್ಟಳು. ಇಲ್ಲಿ ಮರಳಿಗೇನು ಕಡಮೆಯೆ, ಆ ಊರಿನ ಮರಳು ಇಲ್ಲಿ ಈಗ ಎಲ್ಲಿದೆ, ಕಾಶಿಗೆಂದು ತೆಗೆದದ್ದು ಕಾಶಿಗೇ ಹೋಗಲಿ, ಎಂಬುದು ಅವಳ ಮಾತಿನ ತಾತ್ಪರ್ಯವಾಗಿತ್ತು. ನಮ್ಮ ಮನೆಯ ಎರಡನೆಯ ಪಕ್ಷಕ್ಕೆ ಅಲ್ಲಿ ಒಂದು ಮತ ಹೆಚ್ಚಾಯಿತು.

ಅರಿಚಲಮುನೆಯೆಂಬ ಕೊನೆಯ ತುದಿಗೆ ಇನ್ನೂ ಐದು ಕಿಲೋಮೀಟರಿನಷ್ಟು ದೂರವಿತ್ತು. ಅಲ್ಲಿಗೂ ಹೋದೆವು. ರಸ್ತೆ ಒಂದು ದುಂಡನೆಯ ಕಟ್ಟೆಯ ಸುತ್ತ ತಿರುಗಿ ತನ್ನ ಕಡೆಗೇ ಹಿಂದಿರುಗುತ್ತದೆ. ಮುಂದೆ ಎರಡು ಕಡಲುಗಳ ಅಲೆಗಳು ಒಂದನ್ನೊಂದು ಹಾಯ್ದು ಸೇರುತ್ತವೆ. ದೊಡ್ಡಮ್ಮನವರ ಹೆಸರು ಹೇಳಿ ಮಿಂದೆವು. ಹುಡುಗ ಸೈಕಲ್ಲುಗಳನ್ನು ಕಾದನು. ಕತ್ತಲಾಗುವ ಮುನ್ನ ಅಲ್ಲಿಂದ ಹೊರಡಬೇಕೆಂಬ ಕಟ್ಟುಪಾಡಿದೆ. ನಾವಂತೂ ಬಿಸಿಲು ಏರುವ ಮುನ್ನವೇ ಹೊರಟೆವು. ಹೋಗಬಯಸುವ ವಾಚಕರು ಒಬ್ಬೊಬ್ಬರಿಗೂ ಮೂರು ಸೀಸೆ ನೀರು, ತಲೆಗೊಂದು ವಸ್ತ್ರ, ಟ್ಯೂಬಿನ ತೇಪೆ ಇವುಗಳನ್ನು ಮರೆಯದಿರಲಿ. ದಾರಿಯಲ್ಲಿ ನೆರಳೆಂಬುದು ಇಲ್ಲ. ಬುತ್ತಿಯನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಕಟ್ಟಿಕೊಳ್ಳಿರಿ, ಕಾರಣವನ್ನು ಹೇಳಿದ್ದೇವೆ.

ಹಿಂದಿರುಗುವಾಗ ಸ್ಟೇಷನ್ನಿನ ಗೋಡೆಯ ಬಳಿ ಹುಡುಗ ಮತ್ತೊಮ್ಮೆ ಇಳಿದನು. ಎರಡು ಕಂಬಿಗಳು ಕಂಡಿದ್ದ ತಗ್ಗನ್ನು ಹುಡುಕಿದನು, ಸಿಕ್ಕಲಿಲ್ಲ. ಎರಡು ಮೂರು ಗಂಟೆಗಳಲ್ಲಿ ಗಾಳಿ ಅದನ್ನು ಮುಚ್ಚಿಬಿಟ್ಟಿತ್ತು. ಫೋಟೋ ತೆಗೆದುಕೊಂಡಿದ್ದೀಯಷ್ಟೆ ಎಂದೆವು. ಸೈಕಲ್ಲನ್ನು ಅಡ್ಡ ಇಡುವ ಉತ್ಸಾಹದಲ್ಲಿ ಅದು ಮರೆತುಹೋಗಿತ್ತು.

ಸಂಜೆ ರಾಮೇಶ್ವರದ ಸ್ಟೇಷನ್ನಿಗೆ ಹೋಗಿ ವಿಚಾರಿಸಿದೆವು. ಅಲ್ಲಿಂದ ವಾರಕ್ಕೊಮ್ಮೆ ಬನಾರಸಿಗೆ ಒಂದು ರೈಲು ಹೊರಡುತ್ತದೆಂದು ತಿಳಿದುಬಂದಿತು. ಪಾಂಬನ್ನಿನಲ್ಲಿ ಹಳೆಯ ಹಳಿ ಒಡೆಯುತ್ತಿದ್ದ ಎಡೆಯನ್ನು ದಾಟಿಕೊಂಡು, ಹೊಸ ಸೇತುವೆಯ ಮೇಲೆ ಹಾದು, ಉತ್ತರಕ್ಕೆ. ರಜೆ ಯಾವಾಗಲೆಂದು ಹುಡುಗನನ್ನು ಕೇಳಿದೆವು. ಪರೀಕ್ಷೆ ಮುಗಿದ ಮೇಲೆ ಎಂದನು. ಕರಡಿಗೆ ಈಗ ಶಂಖದ ಹಿಂದೆ ಇಲ್ಲ. ಪೆಟ್ಟಿಗೆಯಲ್ಲಿ, ಮಡಿಸಿಟ್ಟ ಬಟ್ಟೆಗಳ ಮೇಲೆ ಇದೆ.